ಎಣ್ಣೆ ಬಿಟ್ಟ ಗಂಟಲು

ಮಾರ್ಚ್ 3
ಗಂಡ ಮಹಾಶಯರಿಗೆ ಇವತ್ತೂ ಬರೀ ಅನ್ನ, ಉಪ್ಪು, ಬಿಸಿನೀರು. ಎಣ್ಣೆ, ಬೆಣ್ಣೆ, ಹಾಲು, ಮೊಟ್ಟೆ, ಸೊಪ್ಪು... ಯಾವುದೂ ಗಂಟಲಿಗೆ ಆಗುವುದಿಲ್ಲವಂತೆ. ನಾಟಕದ ಹಾಡುಗಾರರಲ್ಲವೇ! ಎರಡು ವರ್ಷದಿಂದ ಇದೇ ವ್ರತ. ಆರು ವರ್ಷದ ಮಗಳೂ ಅಪ್ಪನ ಜೊತೆ ಹಾಡು ಕಲಿಯುತ್ತಾಳೆ, ಊಟಕ್ಕೂ ಅದೇ ತಾಳ. ಬೈದರೆ ಇಬ್ಬರದೂ ಒಂದೇ ಮುಖ. ವೇಷ ಹೊಲಿಯುವ ನಾನು ಎಣ್ಣೆ ತಿಂದು ಪಾಪಿ.

ಮಾರ್ಚ್ 9
ರಿಹರ್ಸಲ್. ದೃಶ್ಯ ಬದಲಿಸಲು ಲೈಟ್ ಆರಿಸಿದರು — ಇವರು ಸಿಂಹಾಸನಕ್ಕೆ ಎಡವಿ ದಬಾರ್ ಅಂತ ಬಿದ್ದರು. ಮತ್ತೆ! ಡೈರೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಕುಡೀತಾರಾ?"
"ಕುಡಿಯೋದು ಬಿಸಿನೀರು ಕಣಪ್ಪಾ!"
ಮೈ ಉರಿದುಹೋಯಿತು. ಇನ್ನೊಮ್ಮೆ ಬಿದ್ದರೆ ಪಾತ್ರ ಬೇರೆಯವರಿಗಂತೆ. ಇವರನ್ನು ಕೇಳಿದರೆ, "ಕತ್ತಲಲ್ಲಿ ಯಾರಿಗ್ ತಾನೆ ಕಾಣುತ್ತೆ?" ಮಿಕ್ಕವರಿಗೆಲ್ಲ ಕಾಣುತ್ತದೆ ಮಾರಾಯರೇ!

ಮಾರ್ಚ್ 10
ಕಣ್ಣಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ. ಏನು ತಿನ್ನುತ್ತೀರಿ ಎಂದರು. ಇವರು ವ್ರತದ ಕತೆ ಹೇಳಿದರು — ಹೆಮ್ಮೆಯಿಂದ! ಡಾಕ್ಟರಮ್ಮ ಅಂದರು:
"ಮೈಯಲ್ಲಿ ವಿಟಮಿನ್ ಎ ಇಲ್ಲ. ಇದು ಇರುಳುಗುರುಡು. ಈಗಲೇ ಮಾತ್ರೆ ತಗೊಂಡು ಸರಿಯಾಗಿ ತಿಂದ್ರೆ ವಾಸಿಯಾಗುತ್ತೆ. ಕರಿಗುಡ್ಡೆ ಹುಣ್ಣಾಯ್ತೋ, ಹೋದ ಕಣ್ಣು ಹೋದ ಹಾಗೇ."
"ಬರೀ ಕ್ಯಾರೆಟ್ ತಿಂದ್ರೆ ಸಾಲದಾ?" ಇವರ ಪ್ರಶ್ನೆ.
"ಜಿಡ್ಡಿಲ್ಲದೆ ಮೈಗೆ ಹತ್ತಲ್ಲ ರೀ."
ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಹಾಡುಗಾರನೇ ಕೋಣನಾದರೆ ಕಿನ್ನರಿ ಯಾರ ಮುಂದೆ ಬಾರಿಸಲಿ?

ಮಾರ್ಚ್ 15
ಮಾತ್ರೆ ನುಂಗಿದ್ದಾರೆ. ಊಟದ ವಿಷಯಕ್ಕೆ ಮಾತ್ರ — "ಶೋ ಮುಗೀಲಿ ಕಣೇ." ಪಿತ್ತ ನೆತ್ತಿಗೇರಿತು. ಮೊಟ್ಟೆ ಹುರಿದು ಮುಂದೆ ಕುಕ್ಕಿದೆ. ತಿಂದರು, ವಿಷ ನುಂಗಿದ ಹಾಗೆ. ಆಮೇಲೆ ಹಾಡಿ ನೋಡಿದರು. ಗಂಟಲಿಗೆ ಏನೂ ಆಗಿಲ್ಲ. ಇಷ್ಟು ವರ್ಷ ಇದಕ್ಕಾ... ಥೂ!
ಮಗಳು ತಟ್ಟೆ ತಳ್ಳಿದಳು. "ನಂಗ್ ಬೇಡ. ದನಿ ಒಡೆಯುತ್ತೆ."
"ಯಾರೇ ಹೇಳಿದ್ದು?"
"ಅಪ್ಪ."

ಮಾರ್ಚ್ 18, ಸಂಜೆ
ಇವರಿಗೆ ಮಬ್ಬುಬೆಳಕಲ್ಲಿ ಮೆಟ್ಟಿಲು ಕಾಣಿಸಿತಂತೆ. ಪಾತ್ರ ಉಳಿಯಿತು ಎಂದು ಕುಣಿದಾಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು, ಮಗಳ ಫ್ರಾಕಿನ ಗುಂಡಿ ಕೂಡ ನನಗೆ ಕಾಣುತ್ತಿತ್ತು. ಬಾರೇ ಎಂದು ಕೈ ಚಾಚಿದೆ. ಅವಳು ಗೋಡೆ ತಡವುತ್ತಾ ಬೇರೆ ಕಡೆ ಹೊರಟಳು.
"ಅಮ್ಮಾ, ಎಲ್ಲಿದೀಯಾ?"
ಇವರು ಚಪ್ಪಲಿಯನ್ನೂ ಮೆಟ್ಟದೆ ಆಟೊ ತರಲು ಓಡಿದ್ದಾರೆ. ಟಾರ್ಚ್ ಹಾಕಿ ಮಗಳ ಕಣ್ಣು ನೋಡಿದೆ, ಬಿಳಿಗುಡ್ಡೆಯಲ್ಲಿ ಅದೇ ನೊರೆ. ಕರಿಗುಡ್ಡೆ ಮೇಲೆ ಏನೋ ಬೆಳ್ಳಗೆ... ಅಲ್ಲ, ಟಾರ್ಚಿನ ಹೊಳಪೇ ಇರಬೇಕು. ಇನ್ನೊಮ್ಮೆ ನೋಡುತ್ತೇನೆ.