ತಲೆಗೆ ನಾಲ್ಕು ರೊಟ್ಟಿ

ದೊಡವಾಡ, ೧೯೭೪

ಅಕ್ಕಾ,

ಹೇಳದೆ ಮದುವೆಯಾಗಿ ಹೋದ ನಿನ್ನ ವಿಳಾಸ ಕೇಳಿದರೆ ಅಪ್ಪ ಎದ್ದು ಹೋಗುತ್ತಾನೆ. ನಾನೂ ಎರಡನೇ ಸಲ ಕೇಳಿಲ್ಲ. ಆದರೂ ಇವತ್ತಿನ ಸುದ್ದಿ ನಿನಗೆ ಹೇಳದೆ ಇರಲಾರೆ.

ಶಾಲೆಯಲ್ಲಿ ಸಂಖ್ಯಾಶಾಸ್ತ್ರ ಶುರುವಾಗಿದೆ. ಮನೆಯಲ್ಲಿ ಒಬ್ಬೊಬ್ಬರು ತಿನ್ನುವ ರೊಟ್ಟಿಯ ಸರಾಸರಿ ತೆಗೆದು ತರಲು ಮಾಸ್ತರರು ಹೇಳಿದ್ದರು. ರಾತ್ರಿ ಊಟಕ್ಕೆ ಕುಳಿತವರ ಎದುರು ಪೆನ್ಸಿಲ್ ಹಿಡಿದು ಕುಳಿತೆ. ಅಜ್ಜಿ ಗದರಿದಳು: "ಉಣ್ಣೋರ ರೊಟ್ಟಿ ಎಣಸ್ತಾರೇನ? ದೃಷ್ಟಿ ಆಗತೈತಿ, ಏಳ ಮ್ಯಾಲ!"

ನಾನು ಬಿಡುತ್ತೇನೆಯೇ? ಮರುದಿನ ಊಟಕ್ಕೆ ಮೊದಲೇ ಬುಟ್ಟಿಯಲ್ಲಿದ್ದವನ್ನು ಎಣಿಸಿದೆ, ಇಪ್ಪತ್ನಾಲ್ಕು. ಎಲ್ಲರೂ ಎದ್ದ ಮೇಲೆ ಉಳಿದವು ನಾಲ್ಕು. ಮೂರು ದಿನವೂ ಅಷ್ಟೇ! ಕಳೆದು, ಐದು ಮಂದಿಗೆ ಭಾಗಿಸಿದೆ: ತಲೆಗೆ ನಾಲ್ಕು. ತಿನ್ನುವವರನ್ನು ನೋಡದೆಯೇ ಲೆಕ್ಕ ತೆಗೆದವಳು ನಾನೊಬ್ಬಳೇ ಅಂತೆ. "ಶಾಬಾಸ್ ಸೋಮವ್ವ!" ಎಂದು ಮಾಸ್ತರರು ಇಡೀ ವರ್ಗದಿಂದ ಚಪ್ಪಾಳೆ ಹೊಡೆಸಿದರು. ನಾನು ಕುಣಿಯುತ್ತಲೇ ಮನೆಗೆ ಬಂದೆ.

ಬಂದವಳೇ ಅಜ್ಜಿಯನ್ನು ಕಾಡಿಸಿದೆ: "ನಿನ್ನ ಲೆಕ್ಕ ತಪ್ಪೈತಿ ಅಜ್ಜಿ. ದಿನಾ ನಾಕ ರೊಟ್ಟಿ ಹೆಚ್ಚಿಗಿ ಬಡೀತಿ."

ಅಜ್ಜಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಹೆಚ್ಚಿಗಿ ಎಲ್ಲೈತಿ? ಆರ ಮಂದಿಗೆ ಸರಿ ಐತಿ ನೋಡ."

ನಿನ್ನ ತಂಗಿ
ಸೋಮವ್ವ