ಅರ್ಧ ಡಿಗ್ರಿಯ ಜಗಳ

ಹಡಗಿನಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಭಾವನ ಮುಂಗೈ ಮೂಳೆ ಮುರಿದಿದೆ. ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದು ನಿನಗೆ ಸುದ್ದಿ ಕಳಿಸಿರಬಹುದು. ನಂಬಬೇಡ. ಮುರಿದವಳು ನಾನು. ನಿನ್ನ ಮೇಲ್ ಅವರೂ ತೆರೆಯುತ್ತಾರೆ, ಅದಕ್ಕೇ ಈ ಕಾಗದ. ಸಂಜೆ ಎದುರಾಗುವ ಸರಕು ಹಡಗಿನವರು ಅಂಚೆಗೆ ಹಾಕುತ್ತಾರೆ.

ನಮ್ಮ ಕೆಲಸ ನಿನಗೆ ಗೊತ್ತೇ ಇದೆ. ಕಡಲು ಗಾಳಿಯಿಂದ ಎಷ್ಟು ಇಂಗಾಲದ ಅನಿಲ ಹೀರುತ್ತದೆ, ಎಷ್ಟು ಹೊರಗೆ ಬಿಡುತ್ತದೆ ಎಂದು ಅಳೆಯುವುದು. ನೀರು ತಣ್ಣಗಿದ್ದರೆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಯಾದರೆ ಬಿಟ್ಟುಕೊಡುತ್ತದೆ, ಸೋಡಾ ಬಾಟಲಿಯ ಹಾಗೆ. ಉಷ್ಣತೆ ಚೂರು ತಪ್ಪಿದರೂ ಎಲ್ಲ ತಲೆಕೆಳಗು. ಭಾವ ಹನ್ನೊಂದು ವರ್ಷದಿಂದ ಎಂಜಿನ್ ಕೋಣೆಗೆ ಕಡಲ ನೀರು ತರುವ ಕೊಳವೆಯಲ್ಲಿರುವ ಥರ್ಮಾಮೀಟರನ್ನೇ ನಂಬಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ನೀರು ಅರ್ಧ ಡಿಗ್ರಿ ಬಿಸಿಯಾಗಿರುತ್ತದೆ. ನಾನು ಹದಿನಾರು ದಿನ ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಮೇಲ್ನೀರನ್ನೇ ಅಳೆದೆ. ಅನಿಲ ಬಿಡುತ್ತಿದೆ ಎಂದು ಅವರು ಬರೆದಿದ್ದ ಕಡಲು ಹೀರುತ್ತಿತ್ತು!

ನಿನ್ನೆ ಬೆಳಿಗ್ಗೆ ಪ್ರಯೋಗಾಲಯದಲ್ಲಿ ತೋರಿಸಿದೆ. "ಉಂಡ ಮನೆ ಜಂತೆ ಎಣಿಸ್ತೀಯೇನೇ? ಇಷ್ಟು ವರ್ಷದ ಶ್ರಮಾನ ಅರ್ಧ ಡಿಗ್ರೀಲಿ ಮುಳುಗಿಸ್ತೀಯಾ?" ಎಂದರು. "ಭಾವ, ಸಮುದ್ರ ನನ್ನ ಮಾತು ಕೇಳಿ ತಣ್ಣಗಾಗಿಲ್ಲ" ಎಂದೆ. ಹೇಳುವಾಗ ನಗು ಬಂದುಬಿಟ್ಟಿತು.

ಮಾದರಿ ನೀರಿನ ಬಾಟಲಿಗಳ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಅಡ್ಡ ಹೋದೆ. ಜಡೆ ಹಿಡಿದು ಕೆಡವಿ, ಮುಖವನ್ನು ಗಾಜಿನ ಚೂರುಗಳ ಮೇಲೆ ಒತ್ತಿದರು. ಹುಬ್ಬು ಸೀಳಿತು. ರಕ್ತ ಇಳಿದು ಕಣ್ಣು ಕಾಣದೆ ತಡಕಾಡಿದಾಗ ಕೈಗೆ ಸಿಕ್ಕಿದ್ದು ಸ್ಪ್ಯಾನರ್. ಬೀಸಿದೆ. ಮೂಳೆ ಲಟಕ್ಕೆಂದದ್ದು ಕೇಳಿಸಿತು.

ಅಡುಗೆಯವರು ಓಡಿಬಂದು ನನ್ನನ್ನು ಎಳೆದುಕೊಂಡರು. ಕ್ಯಾಪ್ಟನ್ ಭಾವನನ್ನು ಕೋಣೆಯೊಳಗೆ ಹಾಕಿ ಕಾವಲಿಟ್ಟಿದ್ದಾರೆ. ನನಗೆ ಏಳು ಹೊಲಿಗೆ. ಬಾಟಲಿಗಳು ಹೋದರೂ ಅಳತೆಗಳೆಲ್ಲ ನನ್ನ ನೋಟುಪುಸ್ತಕದಲ್ಲಿವೆ; ಪ್ರಕಟಿಸಿಯೇ ತೀರುತ್ತೇನೆ.

ಸಂಸಾರಕ್ಕೆ ಕಲ್ಲು ಹಾಕಿದಳು ಎಂದು ಬೈಯುತ್ತೀಯೇನೋ. ಬೈದುಬಿಡು.

ನಿನ್ನ ತಂಗಿ

ತಾ.ಕ.: ಹೊಡೆದದ್ದು ಒಂದೇ ಏಟು ಎಂದು ಕ್ಯಾಪ್ಟನ್‌ಗೆ ಬರೆದುಕೊಟ್ಟಿದ್ದೇನೆ. ಎರಡು ಹೊಡೆದೆ, ಅಕ್ಕ. ಎರಡನೆಯದು ಅವರು ಬಿದ್ದು "ಸಾಕು, ಬಿಡೇ" ಎಂದು ಬೇಡಿಕೊಂಡ ಮೇಲೆ. ಹೋದ ವರ್ಷ ನೀನು ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಬಾಗಿಲು ತೆರೆದಾಗ, ನಾನು ಅದರಡಿಯ ಬೆರಳ ಗುರುತು ನೋಡಿಯೂ ನೋಡದವಳಂತೆ ಒಳಗೆ ಬಂದು ಕಾಫಿ ಕುಡಿದೆ. ಆ ವಾರ ಭಾವ ನನಗೆ ಈ ಹಡಗಿನಲ್ಲಿ ಜಾಗ ಕೊಡುವವರಿದ್ದರು.