ಆಚೆ ದಡದ ಕೂಗು

ದಿಬ್ರುಗಢ, ಅಸ್ಸಾಂ
ಡಿಸೆಂಬರ್ 14, 2024

ಪ್ರೀತಿಯ ಅತ್ತೆ ಶಿವನಂಜಮ್ಮನವರಿಗೆ,

ಮೊದಲಿಗೇ ಹೇಳಿಬಿಡುತ್ತೇನೆ. ನಿಮ್ಮ ಮಗ ಬದುಕಿದ್ದಾರೆ. ಈ ಆಸ್ಪತ್ರೆಯಲ್ಲಿ, ನನ್ನ ಪಕ್ಕದ ಮಂಚದ ಮೇಲೇ ನಿದ್ದೆ ಮಾಡುತ್ತಿದ್ದಾರೆ. ನಿನ್ನೆ ಬಲಗಾಲಿನ ಮೂಳೆಗೆ ರಾಡ್ ಹಾಕಿದರು. ನಡೆಯುತ್ತಾರಂತೆ, ಆದರೆ ತಿಂಗಳುಗಳು ಹಿಡಿಯುತ್ತವಂತೆ.

ಮೊನ್ನೆ ಫೋನಿನಲ್ಲಿ ನೀವು, "ಅಷ್ಟ್ ದೂರ ಯಾವ್ ಒಳೆಗ್ ಓಗಿದ್ರವ್ವಾ? ನಮ್ ಕಪಿಲೆ ಸಾಲ್ದಾಗಿತ್ತಾ?" ಎಂದು ಅತ್ತಿರಿ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ, ನೀವೇ ಓದಿಕೊಳ್ಳಿ. ನಿಮ್ಮ ಕವಲಂದೆಯಲ್ಲಿ ಯಾರ ಕೈಯಲ್ಲೂ ಓದಿಸಬೇಡಿ.

ನಾವು ಹೋದದ್ದು ಅರುಣಾಚಲದ ಕಾಡಿನೊಳಗಿನ ಒಂದು ನದಿಗೆ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ವಾರ ಪೂರ್ತಿ ನೀರಿನ ಮೇಲೇ ಪಯಣ. ಸಂಜೆಯಾದರೆ ಮರಳಿನ ಮೇಲೆ ಟೆಂಟು. ರಾಫ್ಟಿಂಗ್ ಅನ್ನುತ್ತಾರೆ. ಎರಡು ದೋಣಿ, ಒಂದೊಂದಕ್ಕೂ ಒಬ್ಬ ಗೈಡ್. ಒಮ್ಮೆ ಇಳಿದರೆ ಊರಿಲ್ಲ, ರಸ್ತೆಯಿಲ್ಲ, ಫೋನಿಲ್ಲ. ನಂಜನಗೂಡಿನ ಫ್ಯಾಕ್ಟರಿ ಬಿಟ್ಟು ಎಲ್ಲಿಗೂ ಹೋಗದ ನಿಮ್ಮ ಮಗನೇ ಇದನ್ನು ಬುಕ್ ಮಾಡಿದ್ದು. ಮೊದಲ ಎರಡು ದಿನ ಅವರು ನಕ್ಕಷ್ಟು ಮದುವೆಯಾದಾಗಿನಿಂದಲೂ ನಕ್ಕಿರಲಿಲ್ಲ. ಮುಖಕ್ಕೆ ನೀರು ಸಿಡಿದಾಗಲೆಲ್ಲ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದರು.

ಮೂರನೆಯ ದಿನ ನದಿ ಎರಡು ಬಂಡೆಗೋಡೆಗಳ ನಡುವೆ ಇಕ್ಕಟ್ಟಾಯಿತು. ಮುಂದಿನ ದೋಣಿ ದಾಟಿ ತಿರುವಿನಲ್ಲಿ ಮರೆಯಾಯಿತು. ನಮ್ಮದು ಅಲೆಯ ಮೇಲೆ ನೆಟ್ಟಗೆ ಎದ್ದು ನಿಂತು ಮಗುಚಿಕೊಂಡಿತು. ನೀರೊಳಗೆ ನನಗೆ ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲ. ಗೈಡ್ ನನ್ನ ಲೈಫ್ ಜಾಕೆಟ್ಟು ಹಿಡಿದು ಮರಳಿನ ಮೇಲೆ ಎಳೆದುಹಾಕಿದ. ಉಳಿದವರೂ ಒಬ್ಬೊಬ್ಬರಾಗಿ ಅದೇ ದಡ ಹತ್ತಿದರು. ನಿಮ್ಮ ಮಗ ಮಾತ್ರ ಇರಲಿಲ್ಲ.

ಆಮೇಲೆ ಯಾರೋ ಕೈ ತೋರಿಸಿದರು. ಆಚೆ ದಡದಲ್ಲಿ, ಗೋಡೆಯಂಥ ಬಂಡೆಯ ಬುಡದಲ್ಲಿ, ಒಬ್ಬರು ಮಲಗುವಷ್ಟು ಜಾಗ. ಅಲ್ಲಿ ನಿಮ್ಮ ಮಗ ಬಿದ್ದಿದ್ದರು. ಮಂಡಿಯ ಕೆಳಗೆ ಕಾಲು ಸೊಟ್ಟಗೆ ತಿರುಗಿದ್ದು ನನಗೆ ಈಚೆ ದಡಕ್ಕೇ ಕಾಣುತ್ತಿತ್ತು. ಗೈಡ್ ಹಗ್ಗ ಎಸೆದ. ಅದು ಅರ್ಧಕ್ಕೇ ನೀರಿಗೆ ಬಿತ್ತು. ಮತ್ತೆ ಎಸೆದ. ನಮ್ಮ ದೋಣಿ ಕೊಚ್ಚಿಹೋಗಿತ್ತು. ಮುಂದೆ ಹೋದ ದೋಣಿ ಆ ನೀರಿಗೆ ಎದುರಾಗಿ ಬರುವಂತಿರಲಿಲ್ಲ. ನಮ್ಮ ಖಾಲಿ ದೋಣಿ ಕಂಡು ಅದರವರು ತಮ್ಮದನ್ನು ಬಂಡೆಗಳ ಮೇಲೆ ಹೊತ್ತುಕೊಂಡೇ ತರಬೇಕು, ಅಲ್ಲಿಯವರೆಗೆ ಕಾಯಬೇಕು ಅಂದ ಗೈಡ್. ನಾನು ಸೊಂಟದ ತನಕ ನೀರಿಗೆ ಇಳಿದಿದ್ದೆ. ನೀವೂ ಹೋದರೆ ಇಬ್ಬರನ್ನು ಹುಡುಕಬೇಕಾಗುತ್ತದೆ ಎಂದು ಹಿಂದಿಯಲ್ಲಿ ಬೈದು ಹಿಂದಕ್ಕೆಳೆದ.

ಕಾಯುವುದನ್ನು ಹೇಗೆ ಬರೆಯಲಿ, ಅತ್ತೆ? ಅವರು ಬಾಯಿ ತೆರೆದು ಏನೋ ಕೂಗುತ್ತಿದ್ದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ನೀರಿನ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. ಒಮ್ಮೆ ಅವರ ತಲೆ ವಾಲಿ ಬಹಳ ಹೊತ್ತು ಅಲುಗಲಿಲ್ಲ. ಹೋದರು ಅಂದುಕೊಂಡೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರಮ್ಮ ನಾನು, ಹೊಳೆಯನ್ನೇ ಮುಚ್ಚಿಬಿಡುವವಳಂತೆ ಮರಳು ಬಾಚಿ ಬಾಚಿ ನೀರಿಗೆ ಎಸೆಯುತ್ತ ಕೂತಿದ್ದೆ.

ಬಿಸಿಲು ಬಂಡೆಯ ತುದಿಗೆ ಏರಿದ ಮೇಲೆ ಆ ದೋಣಿಯವರು ಬಂದರು. ಹೊಳೆಯ ಮೇಲ್ಭಾಗದಿಂದ ಅಡ್ಡ ಹಾಯ್ದು ನಿಮ್ಮ ಮಗನನ್ನು ಎತ್ತಿಕೊಂಡರು. ಅಷ್ಟಕ್ಕೇ ಮುಗಿಯಲಿಲ್ಲ. ಹೊರಗೆ ಹೋಗಲು ನದಿಯೊಂದೇ ದಾರಿ. ಕಾಲು ಅಲುಗದಂತೆ ಹುಟ್ಟುಗೋಲು ಕಟ್ಟಿ, ದೋಣಿಯ ತಳದಲ್ಲಿ ಮಲಗಿಸಿ, ಇನ್ನೂ ಎರಡು ದಿನ ಅದೇ ನೀರಿನಲ್ಲಿ ತಂದೆವು. ಮುಂದೆ ಭೋರ್ಗರೆತ ಕೇಳಿದರೆ ಸಾಕು, ಅವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಏನೂ ಆಗಲ್ಲ ಅನ್ನುತ್ತಿದ್ದೆ. ಆಗುತ್ತದೋ ಇಲ್ಲವೋ ನನಗೇನು ಗೊತ್ತಿತ್ತು?

ಅಲ್ಲಿಂದ ಏನು ಕೂಗುತ್ತಿದ್ದಿರಿ ಎಂದು ಆಮೇಲೆ ಕೇಳಿದೆ.

"ಇನ್ನೇನ್ ಕೂಗ್ಲಿ? ನಿನ್ ಎಸ್ರು ಕಣೆ. ಕೇಳುಸ್ನಿಲ್ವಾ?" ಅಂದರು.

ಕೇಳಿಸಲಿಲ್ಲ ಅಂದೆ.

ವೇಳೆಗೆ ಸರಿಯಾಗಿ ಊಟ ಮಾಡಿ, ಬಿಪಿ ಮಾತ್ರೆ ಬಿಡಬೇಡಿ.

ನಿಮ್ಮ ಸೊಸೆ,
ಆಶಾರಾಣಿ

ಮತ್ತೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಯುಗಾದಿಯಿಂದ ನಾನು ತಿ. ನರಸೀಪುರದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ನೀವು ನಂಜನಗೂಡಿಗೆ ಬರುವ ದಿನ ಮಾತ್ರ ಮುಂಚೆಯೇ ಬಂದು ಅಡುಗೆಗೆ ನಿಲ್ಲುತ್ತಿದ್ದೆ. ನಿಮ್ಮ ಮಗ ಹೊಡೆದವರಲ್ಲ, ಬೈದವರಲ್ಲ. ತಿಂಗಳುಗಟ್ಟಲೆ ಮಾತೇ ಆಡುತ್ತಿರಲಿಲ್ಲ. ಬೇರೆಯಾಗುವ ಮುಂಚೆ ಒಂದು ವಾರ ಜೊತೆಗಿರೋಣ ಎಂದು ಕೇಳಿದರು, ಒಪ್ಪಿದೆ. ಅವರನ್ನು ನಿಮ್ಮ ಹತ್ತಿರ ಕರೆತರುತ್ತೇನೆ. ನಡೆಯುವವರೆಗೂ ಇದ್ದು ನೋಡಿಕೊಳ್ಳುತ್ತೇನೆ. ಆಮೇಲೆ ನನ್ನನ್ನು ತಡೆಯಬೇಡಿ. ಆ ದಡದಲ್ಲಿ ಕೂತು ಇವರು ಬದುಕಲಿ ಎಂದು ನಂಜುಂಡಪ್ಪನನ್ನು ಬೇಡಿದೆ. ನಾವಿಬ್ಬರೂ ಜೊತೆಗೆ ಬದುಕುವಂತಾಗಲಿ ಎಂದು ಬೇಡಲು ಬಾಯಿ ಬರಲಿಲ್ಲ, ಅತ್ತೆ.